ಹುರಿದ ಹುಲ್ಲಿನ ಬೀಜ

ನಮ್ಮ ಕಡೆ ನಿಜಾಮನ ರೂಪಾಯಿ, ಹಾಲಿ ಸಿಕ್ಕಾ, ನಡೆಯುತ್ತಿದ್ದ ಕಾಲ ಅದು. ಕಾಲುವೆ ಇನ್ನೂ ಬಂದಿರಲಿಲ್ಲ. ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯ ನಮ್ಮ ಸಣ್ಣ ಊರಿಗೆ ಹೊಸಬರು ಯಾರಾದರೂ ಬಂದರೆ ನಾಯಿಗಳಿಗಿಂತ ಮೊದಲು ಜನ ಎದ್ದು ನಿಲ್ಲುತ್ತಿದ್ದರು. ಬಂದವನು ಏನು ಒಯ್ಯಲು ಬಂದಿದ್ದಾನೆ ಎಂಬುದೇ ಎಲ್ಲರ ಚಿಂತೆ.

ಆಗ ನನಗೆ ಒಂಬತ್ತೋ ಹತ್ತೋ ವಯಸ್ಸು. ಶಾಲೆಯ ಮುಖ ಕಂಡಿರಲಿಲ್ಲ. ನಮ್ಮ ಎರಡು ಆಕಳ ಜೊತೆಗೆ ಸುಂಕವ್ವನ ಎಮ್ಮೆಯನ್ನೂ ಗಾಯರಾಣಕ್ಕೆ ಹೊಡೆದುಕೊಂಡು ಹೋಗುತ್ತಿದ್ದೆ. ಗಾಯರಾಣ ಅಂದರೆ ಊರ ದನಗಳೆಲ್ಲ ಮೇಯುವ ದಿಬ್ಬ. ಸುಂಕವ್ವ ಗಂಡ ಸತ್ತ ಹೆಂಗಸು, ಆ ಎಮ್ಮೆಯ ಹಾಲೇ ಅವಳ ಬದುಕು. ದಿನಾ ನನಗೆ ಬಿಸಿ ಜೋಳದ ರೊಟ್ಟಿಗೆ ಬೆಣ್ಣೆ ಸವರಿ ಕೊಡುತ್ತಿದ್ದಳು. ಆದರೆ ದಿಬ್ಬದಲ್ಲಿ ಹುಲ್ಲೇ ಉಳಿದಿರಲಿಲ್ಲ. ದನ ಮೇದು, ನಾವು ಹುಡುಗರು ಚಿಣಿಫಣಿ ಆಟ ಆಡಿ, ಬರೀ ಗರಸು ಕಲ್ಲು ಎದ್ದು ಕಾಣುತ್ತಿತ್ತು.

ಒಂದು ವರ್ಷ ಮುಂಗಾರಿನ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ ಲಿಂಗಸುಗೂರಿನಿಂದ ದನದ ಡಾಕ್ಟರ್ ಸಾಹೇಬರು ಬಂದರು. ಬಂಡಿಯಲ್ಲಿ ಹುಲ್ಲಿನ ಬೀಜದ ಚೀಲಗಳು. ದಿಬ್ಬದ ಒಂದು ಅರ್ಧಕ್ಕೆ ಸುಣ್ಣ ಬಳಿದ ಕಲ್ಲು ನೆಡಿಸಿ, ಮನೆಗೊಂದು ಪಟ್ಟೆಯಂತೆ ಗುರುತು ಮಾಡಿದರು. ಮನೆಗೊಂದು ಸೇರು ಬೀಜ ಕೊಟ್ಟರು.

"ದೇಖೋ ಗೌಡ, ಉಳಬ್ಯಾಡ್ರಿ, ಇದ್ದ ನೆಲದ ಮ್ಯಾಲೇ ಚೆಲ್ರಿ, ಕುರಿ ಹಿಂಡು ಹಾಯಿಸ್ರಿ. ತುಳದ್ರ ಬೀಜ ನೆಲಕ್ಕ ಕೂಡ್ತೈತಿ. ಹುಲ್ಲು ಮಣಕಾಲಿಗೆ ಬರೂತನಕ ಈ ಕಡಿ ದನ ಬಿಡಬ್ಯಾಡ್ರಿ. ಆಮ್ಯಾಲ ಇದನ್ನ ಬಿಚ್ಚಿ ಆ ಕಡಿ ಬಂದ್ ಮಾಡ್ರಿ. ಬಸ್, ಇಷ್ಟ."

ಗೌಡರು "ಆತ್ರೀ ಸಾಹೇಬ್ರ" ಅಂದರು. ಆದರೆ ಅವರ ಕಣ್ಣು ಕಲ್ಲುಗಳ ಮೇಲೇ ಇತ್ತು.

ಮಧ್ಯಾಹ್ನ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲು ಹಾಕಿ ರೊಟ್ಟಿ ಹಂಚಿನ ಮೇಲೆ ಆ ಬೀಜ ಸುರುವಿ ಹುರಿಯತೊಡಗಿದಳು. ಸಜ್ಜೆ ಸೀದಂಥ ವಾಸನೆ.

"ಯಾಕ ಹುರೀತಿ ಆಯಿ?"

"ಹುಟ್ಟಬಾರ್ದಂತ. ಸರಕಾರ ಪುಗಸಟ್ಟೆ ಕೊಡ್ತೈತೇನಲೇ? ಇವತ್ತು ಹುಲ್ಲು ಬಿತ್ತಸ್ತಾರ, ನಾಳಿ ಹುಲ್ಲಿಗೆ ಕರ ಹಾಕ್ತಾರ, ನಾಡದು ದಿಬ್ಬಾನ ನಮ್ದು ಅಂತಾರ. ಒಲ್ಲೆ ಅಂದ್ರ ಬೇಡಿ ಹಾಕ್ತಾರ. ಬಿತ್ತಿ ಹುಟ್ಟಲಿಲ್ಲಂದ್ರ ಯಾರ ಏನ್ ಮಾಡ್ತಾರ? ಹೊರಗ ಬಾಯಿ ಬಿಟ್ಟಿ ಅಂದ್ರ ಇದ ಹಂಚು ನಾಲಿಗಿ ಮ್ಯಾಲ ಇಡ್ತೀನಿ!"

ಅಡಿಗೆಯ ಹೊತ್ತಲ್ಲ. ಆದರೂ ಓಣಿಯಲ್ಲಿ ಇನ್ನೂ ನಾಲ್ಕಾರು ಮನೆಗಳಿಂದ ಹೊಗೆ ಏಳುತ್ತಿತ್ತು. ನನಗೆ ಅದು ಹೊಳೆಯಲಿಲ್ಲ.

ಮರುದಿನ ಎಲ್ಲರೂ ಬಹಳ ಭಕ್ತಿಯಿಂದ ಬೀಜ ಚೆಲ್ಲಿದರು. ಕುರಿ ಹಾಯಿಸಿದರು. ಮಳೆಯೂ ಚೆನ್ನಾಗಿ ಬಂತು. ತಿಂಗಳ ಮೇಲೆ ಸಾಹೇಬರು ಬಂದು ನೋಡಿದರೆ ಪಟ್ಟೆ ಪಟ್ಟೆಯೂ ಬೋಳು, ಸುಂಕವ್ವನ ಪಟ್ಟೆ ಮಾತ್ರ ಹಸಿರು. "ಬೀಜಾನ ಖರಾಬ್ ಇರಬೇಕು" ಅಂತ ಮುಖ ಸಣ್ಣದು ಮಾಡಿಕೊಂಡು ಅವರು ಹೊರಟುಹೋದರು.

ಈಗ ಊರಿನ ಅನುಮಾನ ಸುಂಕವ್ವನ ಕಡೆ ತಿರುಗಿತು. ಅವಳ ತಮ್ಮ ಲಿಂಗಸುಗೂರಿನ ಕಚೇರಿಯಲ್ಲಿ ಜವಾನ. ಅಷ್ಟು ಸಾಕಿತ್ತು. ಗೌಡರ ಮನೆ ಕಟ್ಟೆಗೆ ಅವಳನ್ನು ಕರೆಸಿದರು. ಊರೆಲ್ಲ ಕೂಡಿತ್ತು, ಆಯಿಯ ಪಕ್ಕ ನಾನೂ ನಿಂತಿದ್ದೆ.

"ಖರೇ ಹೇಳು ಸುಂಕವ್ವ. ಸಾಹೇಬ ನಿನಗೊಂದು ಬೀಜ, ನಮಗೊಂದು ಬೀಜ ಕೊಟ್ಟಾನ ಹೌದಿಲ್ಲ? ದಿಬ್ಬ ಯಾರ ಹೆಸರಿಗೆ ಮಾಡಾಕತ್ತೀರಿ ಅಕ್ಕ ತಮ್ಮ ಕೂಡಿ?"

"ಎಲ್ಲಾರ್ಗೂ ಒಂದ ಚೀಲದಾಗಿಂದ ಅಳದಾರ್ರೀ ಗೌಡ್ರ, ನೀವ ನೋಡೀರಿ."

"ಹಂಗಾರ ನಮ್ದ್ಯಾಕ ಹುಟ್ಟಲಿಲ್ಲ? ಖರೇ ಹೇಳೂತನಕ ನಿನ್ನ ಎಮ್ಮಿ ಗಾಯರಾಣ ಹತ್ತಂಗಿಲ್ಲ."

ಸುಂಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಎಮ್ಮೆಯನ್ನು ಅವಳು ಬೇರೆಲ್ಲಿ ಮೇಯಿಸಬೇಕು? ನನಗೆ ತಡೆಯಲಾಗಲಿಲ್ಲ.

"ನಮ್ಮ ಆಯಿ ಬೀಜ ಹುರದಾಳ!" ಅಂದುಬಿಟ್ಟೆ.

ಆಯಿ ನನ್ನ ರಟ್ಟೆ ಹಿಡಿದು, "ಎಲ್ಲಿ ಹುಟ್ಟಿತೋ ಇದು" ಅಂತ ಹಲ್ಲು ಕಡಿದಳು. ಅಷ್ಟರಲ್ಲಿ ಗೌಡರ ಹೆಂಡತಿ ಒಳಗಿನಿಂದಲೇ ಅಂದಳು: "ಆ ಮುದುಕಿ ಒಬ್ಬಾಕೀನ ಹುರದಾಳೇನು? ನಮ್ಮ ಹಂಚು ಇನ್ನಾ ಸೀದ ವಾಸ್ನಿ ಹೊಡಿಯಾಕತ್ತೈತಿ."

ಒಬ್ಬ ಕೆಮ್ಮಿದ, ಇನ್ನೊಬ್ಬ ಟವೆಲು ಝಾಡಿಸಿ ಎದ್ದ. ಒಬ್ಬರಿಗೊಬ್ಬರು ಹೇಳದೆ ಎಲ್ಲರೂ ಹುರಿದಿದ್ದರು. ಗೌಡರು ತಲೆ ತಗ್ಗಿಸಿಯೇ ಕೇಳಿದರು, "ನೀ ಯಾಕ ಹುರೀಲಿಲ್ಲವ್ವಾ?"

"ಎಮ್ಮಿ ಹಸದಿತ್ರೀ."

ಸಾಹೇಬರನ್ನು ಮತ್ತೆ ಬೀಜ ಕೇಳಲು ಯಾರೂ ಹೋಗಲಿಲ್ಲ. ಹುರಿದದ್ದು ಗೊತ್ತಾದರೆ ದಂಡ ಎಂಬ ಹೆದರಿಕೆ. ಸುಂಕವ್ವನೇ ತನ್ನ ಪಟ್ಟೆಯ ತೆನೆ ಉದುರಿಸಿ ಉಡಿಯಲ್ಲಿ ಕಟ್ಟಿಕೊಂಡು, ಮುಂದಿನ ಮಿರಗಕ್ಕೆ ಬೇರೆಯವರ ಪಟ್ಟೆಗಳಿಗೂ ಚೆಲ್ಲಿದಳು. ಎರಡು ಮಳೆಗಾಲದಲ್ಲಿ ಅರ್ಧ ದಿಬ್ಬ ಹಸಿರಾಯಿತು. ಊರವರು ಪಾಳಿ ಹಚ್ಚಿ ಈ ಕಡೆ ಬಿಟ್ಟು ಆ ಕಡೆ ಮೇಯಿಸುವುದನ್ನು ಕಲಿತರು. ಆ ಹುಲ್ಲು ತಿಂದ ನಮ್ಮ ಆಕಳ ಹಾಲಿನ ರುಚಿ ಇವತ್ತಿನ ಪಾಕೀಟಿನ ಹಾಲು ಕುಡಿಯುವ ಮೊಮ್ಮಕ್ಕಳಿಗೆ ಹೇಗೆ ಹೇಳಲಿ?

ನಿಜಾಮನ ಆಳ್ವಿಕೆ ಹೋಯಿತು, ಕಾಲುವೆ ಬಂತು. ದಿಬ್ಬವನ್ನು ಸಪಾಟು ಮಾಡಿ ಭತ್ತ ಹಚ್ಚೋಣ ಅಂದಾಗ ಊರಿನಲ್ಲಿ ಒಬ್ಬರೂ ಅನುಮಾನಪಡಲಿಲ್ಲ. ಆಗ ನಾನು ಓದು ಕಲಿತವನು. ದಿಬ್ಬ ಹಂಚುವ ಕಾಗದ ಓದಿ ಹೇಳಿದವನೂ ನಾನೇ, ಮೊದಲು ಸಹಿ ಮಾಡಿದವನೂ ನಾನೇ. ನಮ್ಮ ಪಾಲಿಗೆ ಎರಡು ಎಕರೆ ಬಂತು. ಹೊಲ ಇದ್ದವರಿಗೆ ಮಾತ್ರ ಪಾಲು ಎಂದು ಬರೆದಿತ್ತು. ಸುಂಕವ್ವನಿಗೆ ಹೊಲ ಇರಲಿಲ್ಲ. ಆ ವರ್ಷವೇ ಅವಳು ಎಮ್ಮೆಯನ್ನು ಸಂತೆಗೆ ಹೊಡೆದುಕೊಂಡು ಹೋದಳು. ಆ ದಿನ ನಮ್ಮ ಮನೆಯ ಮುಂದೆಯೇ ಹಾಯ್ದಳು. ನಾನು ಒಳಗೇ ಇದ್ದೆ.