ಪ್ರತಿ ಕ್ರಿಸ್‌ಮಸ್‌ಗೂ ನಾನು ಅಂದ ಆಮೆನ್

ಅತ್ತೆಯ ಬಿಳಿ ಸೀರೆಯನ್ನು ಜೀನ್ಸ್ ಬಟ್ಟೆಯ ಕೆಳಗೆ ಇಟ್ಟವಳು ನಾನು. ಸುಜಾತ ಅಲ್ಲ. ಅಡಿಯಲ್ಲಿ ನೋಡದೆಯೇ ಕಟಿಂಗ್ ಮಿಷನ್ ಹೊಡಿ ಅಂದವಳೂ ನಾನೇ. ಇಷ್ಟು ಹೇಳುವುದಕ್ಕೆ ಹತ್ತು ವರ್ಷದ ಮೇಲೆ ಬೇಕಾಯಿತು. ನನ್ನ ನಾಲಿಗೆ ಬಿದ್ದುಹೋಗಿರಲಿಲ್ಲ. ಬೇರೆ ಎಲ್ಲದಕ್ಕೂ ಅದು ಚುರುಕಾಗಿಯೇ ಇತ್ತು—ತರಕಾರಿಯವನ ಹತ್ತಿರ ಜಗಳಕ್ಕೆ, ಚರ್ಚಿನಲ್ಲಿ ಹಾಡುವುದಕ್ಕೆ, ಪಕ್ಕದ ಮನೆಯವರ ಸುದ್ದಿಗೆ.

ನಾನು ಎಸ್ತೇರು. ಆಂಧ್ರದ ಗಡಿಯ ರಾಯದುರ್ಗದಲ್ಲಿ ನಮ್ಮದು ಹೊಲಿಗೆಯ ಮನೆ. ಮುಂದಿನ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕಟಿಂಗ್ ಮೇಜು, ಅದರ ಹಿಂದೆ ಸಾಲಾಗಿ ಹೊಲಿಗೆ ಮಿಷನ್ನು, ಅದರ ಹಿಂದೆ ಅಡುಗೆಮನೆ. ಅತ್ತೆ, ಮಾವ, ನನ್ನ ಯಜಮಾನರು, ಮೈದುನ ಪ್ರಸಾದ್, ಎಲ್ಲರೂ ಆ ನೀಲಿ ಜೀನ್ಸ್ ಬಟ್ಟೆಯಲ್ಲೇ ಅನ್ನ ಕಂಡವರು. ಬೀದಿಯಲ್ಲಿ ಕ್ರೈಸ್ತರ ಮನೆ ಅಂತ ಇರುವುದು ನಮ್ಮದೊಂದೇ. ಆದರೂ ಡಿಸೆಂಬರ್ ಬಂತೆಂದರೆ ಇಡೀ ಬೀದಿ ನಮ್ಮದೇ ಆಗುತ್ತಿತ್ತು. ಮಾವ ಬಿದಿರಿಗೆ ನಕ್ಷತ್ರ ಕಟ್ಟಿ ಮಾಳಿಗೆಯ ಮೇಲೆ ನಿಲ್ಲಿಸಿದರೆ, 'ಹಬ್ಬ ಬಂತೇನ್ರಿ, ಕಜ್ಜಾಯ ಯಾವಾಗ್ರಿ?' ಅಂತ ಎದುರು ಮನೆಯವರು ಬಾಗಿಲಲ್ಲೇ ಕೇಳುವರು. ಯುಗಾದಿಗೆ ಅವರ ಹೋಳಿಗೆ ನಮಗೆ, ಕ್ರಿಸ್‌ಮಸ್‌ಗೆ ನಮ್ಮ ಕಜ್ಜಾಯ ಅವರಿಗೆ. ಮುಂಜಾನೆಯ ಚಳಿಗೆ ಹಂಡೆಯ ಮುಂದೆ ಕೈ ಕಾಯಿಸಿಕೊಳ್ಳುತ್ತ ಅವರೆಕಾಯಿ ಸುಲಿಯುವುದು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಹಾಡು ಕಲಿಯುವುದು, ಊರಿಗೆಲ್ಲ ಬಟ್ಟೆ ಹೊಲಿದು ನಮ್ಮ ಬಟ್ಟೆಗೆ ಗುಂಡಿ ಹಾಕುವುದನ್ನು ಹಬ್ಬದ ಹಿಂದಿನ ದಿನಕ್ಕೆ ಉಳಿಸಿಕೊಳ್ಳುವುದು—ಚೆನ್ನಾಗಿತ್ತು. ನಿಜವಾಗಿಯೂ ಚೆನ್ನಾಗಿತ್ತು. ಅದನ್ನು ಕೆಡಿಸಿದವಳು ನಾನು.

ಆ ಸೀರೆಯ ವಿಷಯ ಹೇಳಬೇಕು. ಅತ್ತೆ ಹುಡುಗಿಯಾಗಿದ್ದಾಗ ಕಣೇಕಲ್ಲಿನ ಕೆರೆಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡವರು. ಅಂದು ಉಟ್ಟು ನೀರಿಗಿಳಿದದ್ದು ಆ ಬಿಳಿ ಸೀರೆ. ಆಮೇಲೆ ವರ್ಷಕ್ಕೆ ಒಂದೇ ದಿನ, ಕ್ರಿಸ್‌ಮಸ್ ಬೆಳಗ್ಗೆ, ಅದನ್ನು ಉಡುತ್ತಿದ್ದರು. 'ಇದನ್ನ ಉಡಿಸೇ ನನ್ನ ಮಣ್ಣಿಗೆ ಇಡ್ರಿ' ಅಂತ ನಗುನಗುತ್ತಲೇ ಅನ್ನುತ್ತಿದ್ದರು. ನಾವು ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಒಗೆಯುವುದು, ಗಂಜಿ ಹಾಕುವುದು, ತಂಬಿಗೆಯಲ್ಲಿ ಕೆಂಡ ಹಾಕಿ ಇಸ್ತ್ರಿ ತೀಡುವುದು ಎಲ್ಲ ಅವರದೇ.

ಸುಜಾತ ನಮ್ಮ ಮನೆಗೆ ಬಂದದ್ದು ಸೀರೆ ಹಾಳಾದ ಆ ವರ್ಷವೇ. ಮಡಕಶಿರಾದ ಆಚೆ, ಅಮರಾಪುರದ ಕಡೆ ಕುರಿ ಸಾಕುವವರ ಮನೆಯ ಹುಡುಗಿ. ಇಲ್ಲಿ ಹೊಲಿಗೆ ಕೆಲಸಕ್ಕೆ ಬಂದಿದ್ದಳು, ಪ್ರಸಾದ್ ಮೆಚ್ಚಿದ. ಮದುವೆಗೆ ಮುಂಚೆ ತಾನಾಗಿಯೇ ಬಂದು ಪ್ರಾರ್ಥನೆಯಲ್ಲಿ ಕೂತವಳು ಅವಳು. ಮಾತು ಮಾತ್ರ ಹೊಟ್ಟೆಯಲ್ಲಿದ್ದದ್ದು ಬಾಯಿಗೆ. ಡಿಸೆಂಬರ್ ಮೊದಲಲ್ಲಿ ಅತ್ತೆ ಸೀರೆ ತೆಗೆದು ಬಿಸಿಲಿಗೆ ಹಾಕಿದಾಗ ಅವಳು ಕೇಳಿಬಿಟ್ಟಳು: 'ಅತ್ತೆಮ್ಮ, ಮಾವಯ್ಯ ಗಟ್ಟಿಮುಟ್ಟಾಗವ್ರೆ, ನೀವ್ಯಾಕೆ ಬಿಳೀದು ಉಡ್ತೀರಾ? ನಮ್ ಕಡೆ ಗಂಡ ಇಲ್ದೋರು ಉಡೋದು.' ಮಾವ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಸುಜಾತಳ ಮನಸ್ಸಿನಲ್ಲಿ ಏನೂ ಇರಲಿಲ್ಲ—ಅದು ನನಗೆ ಆಗಲೇ ಗೊತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ, ನನಗೆ ಗೊತ್ತಿತ್ತು.

ಆ ವರ್ಷ ಅತ್ತೆಗೆ ಮೊಣಕೈ ನೋವು. ಇಸ್ತ್ರಿ ತೀಡಲಾಗದೆ ಸೀರೆ ಪೆಟ್ಟಿಗೆಯಲ್ಲಿ ಮುದುರಿಕೊಂಡೇ ಇತ್ತು. ಹಬ್ಬ ಹತ್ತಿರ ಬಂದಾಗ ನಾನು ಅವರನ್ನು ಕೇಳದೆ ತೆಗೆದೆ. ಬೆಳಗ್ಗೆ ಎದ್ದು ಸುಕ್ಕಿಲ್ಲದ ಸೀರೆ ಕಂಡು ಅತ್ತೆ ನನ್ನನ್ನು ಹೊಗಳಲಿ ಅಂತ. ಹೊಸ ಸೊಸೆ ಬಂದಿದ್ದಳಲ್ಲ—ಹಳೆ ಸೊಸೆಗೆ ಹೊಗಳಿಕೆಯ ಹಸಿವು ಹೆಚ್ಚಾಗಿತ್ತು. ನಮ್ಮ ಹೊಲಿಗೆಯ ಮನೆಗಳಲ್ಲಿ ಹೆಂಗಸರಿಗೆ ಒಂದು ಅಭ್ಯಾಸವಿದೆ. ಸಂಜೆ ಕಟಿಂಗ್ ಮೇಜಿನ ಮೇಲೆ ಜೀನ್ಸ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸುವಾಗ ನಮ್ಮ ಸೀರೆಯನ್ನು ಮಡಚಿ ಅಡಿಯಲ್ಲಿ ಇಟ್ಟುಬಿಡುವುದು. ಬೆಳಗಾಗುವುದರೊಳಗೆ ಆ ಭಾರಕ್ಕೆ ಇಸ್ತ್ರಿ ಪೆಟ್ಟಿಗೆ ನಾಚಬೇಕು, ಹಾಗೆ ಸಾಪಾಗಿರುತ್ತದೆ. ಕಟಿಂಗ್‌ಗೆ ಮುಂಚೆ ನೆನಪಿನಿಂದ ಎಳೆದುಕೊಂಡರೆ ಆಯಿತು.

ನಾನು ಎಳೆದುಕೊಳ್ಳಲಿಲ್ಲ. ಮರೆತೆ—ಅಷ್ಟೇ, ಮರೆತೆ. ಬೆಳಗ್ಗೆ ಕಜ್ಜಾಯದ ಪಾಕ ಒಲೆಯ ಮೇಲಿತ್ತು. ಆಗತಾನೆ ಕಟಿಂಗ್ ಕಲಿಯುತ್ತಿದ್ದ ಸುಜಾತ, ಪದರಗಳನ್ನೆಲ್ಲ ಒಟ್ಟಿಗೆ ಕತ್ತರಿಸುವ ಕರೆಂಟ್ ಮಿಷನ್ ಹಿಡಿದು ಮೇಜಿನ ಹತ್ತಿರ ನಿಂತು ಕೂಗಿದಳು.

'ಅಕ್ಕಯ್ಯಾ, ಕೆಳಗೊಂದ್ಸಲ ಎತ್ತಿ ನೋಡ್ಬುಡ್ಲಾ?'

'ನಾ ನೋಡೀನಿ, ನೀ ಹೊಡಿ!' ಅಂದೆ ನಾನು.

ನೋಡಿರಲಿಲ್ಲ. ಪಾಕ ಎಳೆ ಬರುತ್ತಿತ್ತು, ಅವಳು ಕೂಗಿದ್ದು ರೇಗಿಸಿತು, ಬಾಯಿಗೆ ಬಂದದ್ದು ಅಂದೆ. ಮಿಷನ್ ಸದ್ದು ಶುರುವಾಯಿತು. ಅದು ಪ್ಯಾಂಟಿನ ಗೆರೆ ಹಿಡಿದು ಹೋಗಿ ಥಟ್ಟನೆ ನಿಂತಿತು. ಕೈಯಲ್ಲಿ ಸೌಟು ಹಿಡಿದೇ ಹೊರಗೆ ಬಂದೆ. ನೀಲಿ ಕಾಲುಗಳ ಅಡಿಯಲ್ಲಿ ಬಿಳಿ ಕಾಲುಗಳು. ಅತ್ತೆಯ ಸೀರೆ ಪ್ಯಾಂಟಿನ ಆಕಾರಕ್ಕೆ ತುಂಡು ತುಂಡು. ಅಯ್ಯೋ, ಆ ಬಿಳುಪು ಈಗಲೂ ನನ್ನ ಕಣ್ಣಲ್ಲಿದೆ.

ಸದ್ದು ನಿಂತದ್ದು ಯಾಕೆ ಅಂತ ಅತ್ತೆ ಬಂದರು. ಒಂದು ತುಂಡನ್ನು ಎತ್ತಿ ಅಂಚು ಮುಟ್ಟಿ ನೋಡಿ, 'ಯಾರು ಇಟ್ರು ಇದನ್ನ ಇಲ್ಲಿ?' ಅಂದರು.

ಸುಜಾತ ನನ್ನ ಮುಖ ನೋಡಿದಳು. ಇಟ್ಟದ್ದು ಯಾರು ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೆ ನೋಡೀನಿ ಅಂದದ್ದು ಯಾರು ಅಂತ ಗೊತ್ತಿತ್ತು. ನಾನು ಹೇಳುತ್ತೇನೆ ಅಂತ ಕಾದಳು. ಪಾಪ, ನಿಜವಾಗಿ ಕಾದಳು. ನಾನು ಸುಮ್ಮನಿದ್ದಿದ್ದರೆ ಪಾಪ ಅರ್ಧಕ್ಕೇ ನಿಲ್ಲುತ್ತಿತ್ತು. ನಾನು ಬಾಯಿ ತೆರೆದೆ.

'ಆಕಿಗೆ ಬಿಳಿ ಅಂದ್ರ ಆಗಂಗಿಲ್ಲ ಅಂತ ಆವತ್ತ ಅಂದಿದ್ಲಲ್ರಿ, ಅತ್ತಿ.'

ಇದಿಷ್ಟೇ. ಇಟ್ಟದ್ದು ಅವಳು ಅಂತ ನಾನು ಹೇಳಲಿಲ್ಲ ನೋಡಿ—ಎಷ್ಟು ಜಾಣತನ! ಸುಳ್ಳು ಹೇಳದೆ ಸುಳ್ಳನ್ನು ಬಿತ್ತಿದೆ. ಥೂ, ಆ ಜಾಣತನಕ್ಕಿಷ್ಟು ಬೆಂಕಿ ಹಾಕ. ಅತ್ತೆ ಸುಜಾತಳ ಕಡೆ ತಿರುಗಿದರು. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ, 'ತಪ್ಪಾಯ್ತು ಅತ್ತೆಮ್ಮ' ಅಂದಳು. ಯಾವ ತಪ್ಪು ಅಂತ ಯಾರೂ ಕೇಳಲಿಲ್ಲ. ಬೇರೆ ದೇವರ ಮನೆಯಿಂದ ಬಂದವಳು, ಒಳಗೊಳಗೆ ನಂಬಿಕೆಯಿಲ್ಲ, ಬೇಕಂತಲೇ ಮಾಡಿದಳು ಅಂತ ಮನೆ ತಾನಾಗಿಯೇ ತೀರ್ಮಾನ ಮಾಡಿಕೊಂಡಿತು. ಪ್ರಸಾದ್ ಕೂಡ ಅವಳ ಹತ್ತಿರ ಮೂರ್ನಾಲ್ಕು ದಿನ ಮಾತಾಡಲಿಲ್ಲ.

ಅತ್ತೆ ಕೆಟ್ಟವರಲ್ಲ. ಆ ಕ್ರಿಸ್‌ಮಸ್ ಸಂಜೆಯ ಮನೆ ಪ್ರಾರ್ಥನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕೂತು ಕಣ್ಣು ಮುಚ್ಚಿದ್ದಾಗ ಅವರೇ ಪ್ರಾರ್ಥಿಸಿದರು. ದಿನವೆಲ್ಲ ನಮ್ಮ ಹಾಗೆ ಮಾತಾಡುವ ಅತ್ತೆ ಪ್ರಾರ್ಥನೆಗೆ ಕೂತರೆ ಪುಸ್ತಕದ ಕನ್ನಡ: 'ಕರ್ತನೇ, ನನ್ನ ಚಿಕ್ಕ ಸೊಸೆ ಮಾಡಿದ ಪಾಪವನ್ನು ನಾನು ಮನಸಾರೆ ಕ್ಷಮಿಸಿದ್ದೇನೆ. ನೀನೂ ಕ್ಷಮಿಸು. ಆಕೆಯ ಹೃದಯವನ್ನು ತೊಳೆ.' ಎಲ್ಲರೂ ಆಮೆನ್ ಅಂದರು. ನಾನೂ ಅಂದೆ. ಬೇರೆಯವರಿಗಿಂತ ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಒಂದು ವರ್ಷಕ್ಕೆ ಮುಗಿಯುತ್ತದೆ ಅಂದುಕೊಂಡಿದ್ದೆ. ಮುಗಿಯಲಿಲ್ಲ. ಅತ್ತೆಗೆ ಆ ಕ್ಷಮೆಯ ಪ್ರಾರ್ಥನೆ ಕ್ರಿಸ್‌ಮಸ್‌ನ ಭಾಗವೇ ಆಗಿಹೋಯಿತು, ಕಜ್ಜಾಯದ ಹಾಗೆ, ನಕ್ಷತ್ರದ ಹಾಗೆ. ಸುಜಾತ, ಪ್ರಸಾದ್ ಮಡಕಶಿರಾಕ್ಕೆ ಹೋಗಿ ಸ್ವಂತ ಹೊಲಿಗೆ ಅಂಗಡಿ ಹಾಕಿದರು. ಹಬ್ಬಕ್ಕೆ ಮಾತ್ರ ತಪ್ಪದೆ ಬರುತ್ತಿದ್ದರು. ಬರುವಾಗ ಅವಳು ಚೀಲದ ತುಂಬ ಕಡಲೆಕಾಯಿ ತರುವಳು, ಕರ್ಜಿಕಾಯಿ ನನಗಿಂತ ಚೆನ್ನಾಗಿ ಕರಿಯುವಳು, ಚರ್ಚಿನಲ್ಲಿ ಅವಳ ದನಿಯೇ ಎಲ್ಲರಿಗಿಂತ ಮೇಲೆ. ಸಂಜೆ ಮತ್ತೆ ಅದೇ ಚಾಪೆ, ಅದೇ ಮಾತು. ಪ್ರತಿ ವರ್ಷವೂ ಅವಳನ್ನು ಕ್ಷಮಿಸಲಾಗುತ್ತಿತ್ತು. ಅವಳು ತಲೆ ತಗ್ಗಿಸಿ ಕೂರುತ್ತಿದ್ದಳು. ನಾನು ಕಣ್ಣು ಮುಚ್ಚಿ, ಈ ಸಲ ಮರೆತಿರಲಿ ಅತ್ತೆ, ಈ ಸಲ ಬೇಡ ಅಂತ ಒಳಗೇ ಚಡಪಡಿಸುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಮುಟ್ಟಿಕೊಳ್ಳಲೂ ಇಲ್ಲ. ಆಮೆನ್ ಅಂದು ಎದ್ದು ಊಟಕ್ಕೆ ಎಲೆ ಹಾಕುತ್ತಿದ್ದೆ.

ಹೋದ ವರ್ಷ ಡಿಸೆಂಬರ್‌ನಲ್ಲಿ ಸುಜಾತ ಫೋನ್ ಮಾಡಿದಳು. ಮೊದಲು ಚಳಿ, ಕೆಮ್ಮು ಅಂತ ಏನೇನೋ. ಆಮೇಲೆ, 'ಅಕ್ಕಯ್ಯ, ಈ ಕಿತ ಹಬ್ಬಕ್ಕೆ ನಾವು ಬರಲ್ಲ' ಅಂದಳು. ಯಾಕ ಅಂದೆ. 'ಗ್ರೇಸಿಗೆ ಈಗ ತಿಳುವಳ್ಕೆ ಬಂದೈತೆ. ಅಜ್ಜಿ ನಿನ್ನ ಯಾಕೆ ಕ್ಷಮಿಸ್ತಾಳೆ, ನೀನೇನ್ ಮಾಡಿದ್ದೆ ಅಂತ ಕೇಳ್ತಾಳೆ. ನಾನೇನ್ ಹೇಳ್ಲಿ, ನೀವೇ ಹೇಳಿ.'

ಗ್ರೇಸಿ ಅವಳ ಮಗಳು. ಫೋನ್ ಇಟ್ಟಮೇಲೆ ಕೈಗೆ ಕೆಲಸ ಹತ್ತಲಿಲ್ಲ. ಒಳಗೆ ಹೋಗುವುದು, ಹೊರಗೆ ಬರುವುದು, ಹಾಲಿಟ್ಟು ಉಕ್ಕಿಸುವುದು. ಸಂಜೆಗೆ ಅತ್ತೆಯ ಮಂಚದ ಹತ್ತಿರ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಇಟ್ಟದ್ದು, ಮರೆತದ್ದು, ನೋಡೀನಿ ಅಂದದ್ದು. ಅತ್ತೆ ಕಾಲು ನೀವಿಕೊಳ್ಳುತ್ತಲೇ ಕೇಳಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

'ಈಗ ಯಾರಿಗೂ ಹೇಳಬ್ಯಾಡ, ಎಸ್ತೇರು' ಅಂದರು. 'ಇಷ್ಟು ವರ್ಷ ದೇವರ ಮುಂದ ನಾ ಆಡಿದ ಮಾತು ಸುಳ್ಳಾಗತೈತಿ. ಮಂದಿ ಮುಂದ ನನ್ನ ಪ್ರಾರ್ಥನಿ ಏನಾಗಬೇಕು? ಇನ್ನ ಮ್ಯಾಲ ಆಕಿ ಹೆಸರು ಎತ್ತಂಗಿಲ್ಲ, ಬಿಡು.'

ಸಿಟ್ಟು ನೆತ್ತಿಗೇರಿತು ನನಗೆ. ಎದ್ದು ಬಂದೆ. ಅಡುಗೆಮನೆಗೆ ಬಂದಮೇಲೆ ತಿಳಿಯಿತು, ಯಾರ ಮೇಲೆ ಸಿಟ್ಟು ಮಾಡಲಿ? ಅತ್ತೆ ಕೇಳಿದ್ದು ನಾನು ಇಷ್ಟು ವರ್ಷ ಮಾಡಿದ್ದನ್ನೇ. ಮತ್ತೂ ಒಂದು ಹೇಳಿಬಿಡುತ್ತೇನೆ, ಹೇಳದಿದ್ದರೆ ಇದೆಲ್ಲ ದಂಡ—ಬಿಡು ಅಂದಾಗ ಒಂದು ಗಳಿಗೆ ನನಗೆ ಹಗುರಾಗಿತ್ತು.

ಮಾರನೆಯ ದಿನ ಬಸ್ಸು ಹತ್ತಿದೆ. ಕಲ್ಯಾಣದುರ್ಗದಲ್ಲಿ ಇಳಿದು ಬೇರೆ ಬಸ್ಸು. ದಾರಿಯುದ್ದಕ್ಕೂ ಹೇಗೆ ಶುರುಮಾಡಲಿ, ಕಾಲಿಗೆ ಬೀಳಲೇ, ಬಿದ್ದರೆ ನಾಟಕ ಅನ್ನುತ್ತಾಳೋ—ಕೂತಲ್ಲಿ ಕೂರಲಾಗಲಿಲ್ಲ. ಮಡಕಶಿರಾದ ಅವಳ ಅಂಗಡಿಯಲ್ಲಿ ಅವಳೊಬ್ಬಳೇ ರವಿಕೆಗೆ ಹುಕ್ಕು ಹಾಕುತ್ತಿದ್ದಳು. 'ಅಯ್ ಅಕ್ಕಯ್ಯ, ಫೋನೂ ಮಾಡ್ದಂಗೆ ಬಂದ್ಬುಟ್ರಲ್ಲ!' ಅಂತ ನಗುತ್ತಾ ಎದ್ದಳು. ನಿಂತಲ್ಲೇ ಹೇಳಿಬಿಟ್ಟೆ. ಸೀರೆ ಇಟ್ಟವಳು ನಾನು ಸುಜಾತ, ನಾನು.

ಅವಳು ಮತ್ತೆ ಕೂತಳು. ದಾರ ಕಚ್ಚಿ ತುಂಡು ಮಾಡಿದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

'ಇದ್ನ ನನ್ಗೆ ಹೇಳಿ ಏನಕ್ಕಯ್ಯ ಬಂತು? ನಾನು ಮಾಡಿಲ್ಲ ಅಂತ ನನ್ಗೆ ಗೊತ್ತಿತ್ತಲ್ಲ. ಅವತ್ತೇ ಗೊತ್ತಿತ್ತು. ಆಮೆನ್ ಅಂದೋರ್ಗೆ ಹೇಳಿ, ಹೋಗಿ.'

ಆಮೇಲೆ ಉಂಡು ಹೋಗಿ ಅಂದಳು. ನಾನು ಉಣ್ಣಲಿಲ್ಲ. ಅವಳ ಅನ್ನ ಉಣ್ಣುವ ಮುಖ ಎಲ್ಲಿತ್ತು ನನಗೆ?

ಕ್ರಿಸ್‌ಮಸ್ ಸಂಜೆ ಚಾಪೆ ಹಾಸಿದೆವು. ನಮ್ಮವರು, ಕಜ್ಜಾಯಕ್ಕೆ ಬಂದ ಎದುರು ಮನೆಯವರು, ಚರ್ಚಿನಿಂದ ಬಂದ ನಾಲ್ಕು ಜನ. ಅತ್ತೆ ಮಾತು ಕೊಟ್ಟ ಹಾಗೆ ಸುಜಾತಳ ಹೆಸರು ಎತ್ತಲಿಲ್ಲ. ಪ್ರಾರ್ಥನೆ ಮುಗಿಯಿತು. ಆಮೆನ್ ಅನ್ನುವುದರೊಳಗೆ ನಾನು ಎದ್ದು ನಿಂತು ಹೇಳಿದೆ. ದನಿ ಕೂಗಿದ ಹಾಗೆ ಹೊರಟಿತು. ಯಜಮಾನರು 'ಏ, ಕೂಡು' ಅಂದರು. ಕೂರಲಿಲ್ಲ. ಆ ಸೀರೆ ಇಟ್ಟದ್ದು ನಾನು, ಹೊಡಿ ಅಂದದ್ದು ನಾನು, ಅವಳ ಮೇಲೆ ಹಾಕಿದ್ದು ನಾನು ಅಂತ ಎಲ್ಲರ ಮುಖ ನೋಡಿ ಹೇಳಿದೆ. ಅತ್ತೆ ಕಣ್ಣು ತೆರೆಯಲೇ ಇಲ್ಲ. ಮಾವ ಎದ್ದು ಹೊರಗೆ ಹೋಗಿ ಪ್ರಸಾದ್‌ಗೆ ಫೋನ್ ಹಚ್ಚಿ ಅಳುತ್ತಿದ್ದುದು ಒಳಗೆ ಕೇಳುತ್ತಿತ್ತು. ಅತ್ತೆ ಇಂದಿಗೂ ನನ್ನ ಹತ್ತಿರ ಬೇಕಾದಷ್ಟೇ ಮಾತಾಡುತ್ತಾರೆ. ಪ್ರಾರ್ಥನೆಯಲ್ಲಿ ಸುಜಾತಳ ಹೆಸರು ಹಿಡಿದು ಕ್ಷಮೆ ಕೇಳಿ ಅಂತ ಹೇಳಿದ್ದೇನೆ, ಹೇಳುತ್ತಲೇ ಇದ್ದೇನೆ. ಅವರು ಇನ್ನೂ ಕೇಳಿಲ್ಲ.

ಆ ಸಂಜೆಯೇ ಮಾವನಿಂದ ಫೋನ್ ಇಸಿದುಕೊಂಡು, ಗ್ರೇಸಿಗೆ ಕೊಡು ಅಂತ ಪ್ರಸಾದ್‌ಗೆ ಅಂದೆ. ನಿಮ್ಮಮ್ಮ ಯಾವ ತಪ್ಪೂ ಮಾಡಿಲ್ಲಮ್ಮ, ತಪ್ಪು ನನ್ನದು ಅಂತ ಅವಳಿಗೂ ಎಲ್ಲ ಬಿಡಿಸಿ ಹೇಳಿದೆ. ಕೇಳಿಸಿಕೊಂಡು ಅವಳು ಕೇಳಿದಳು:

'ಮತ್ತೆ ಇಷ್ಟು ದಿನ ಯಾಕೆ ದೊಡ್ಡಮ್ಮ ಹೇಳ್ಲಿಲ್ಲ?'

ಭಯ ಆಗಿತ್ತಮ್ಮ ಅಂದೆ. ಮಗುವಿಗೆ ಹೇಳಿದ್ದೂ ಪೂರ್ತಿ ನಿಜವಲ್ಲ. ಭಯ ಮೊದಲ ವರ್ಷಕ್ಕೇ ಹೋಗಿತ್ತು. ಅವಳು ತಪ್ಪಿತಸ್ಥಳಾಗಿ ಕೂತಿರುವಷ್ಟು ದಿನ ಈ ಮನೆಯಲ್ಲಿ ಒಳ್ಳೆಯ ಸೊಸೆ ನಾನೊಬ್ಬಳೇ ಆಗಿದ್ದೆ, ಅದು ನನಗೆ ಹಿತವಾಗಿತ್ತು.