ಕೇಶರಬಾಯಿ ವೈನು ಬೆರೆಸಿದ ಭಾನುವಾರ

ಕೇಶರಬಾಯಿ ಹುಟ್ಟಿದ್ದು ಔರಾದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಎಪ್ಪತ್ತೆರಡರ ಬರದಲ್ಲಿ ಊರಿನ ಬಾವಿಗಳು ತಳ ಕಂಡಾಗ ಅವಳಿಗೆ ಹದಿನಾಲ್ಕು ವರ್ಷ. ಅವಳ ಅವ್ವ ಮೂರು ವರ್ಷದ ಮಗ ನರಸಿಂಗನನ್ನು ನಾದಿನಿಯ ಬಳಿ ಬಿಟ್ಟು, ಮಗಳ ಕೈ ಹಿಡಿದು ಕಮಲನಗರದಲ್ಲಿ ರೈಲು ಹತ್ತಿದಳು. ಮುಂಬೈಯಲ್ಲಿ ಅವ್ವ ಕಟ್ಟಡದ ಕೆಲಸಕ್ಕೆ ಹೋದಳು. ಮಗಳನ್ನು ಬಾಂದ್ರಾದ ಒಬ್ಬ ಪಿಯಾನೊ ಟೀಚರ್ ಮನೆಯಲ್ಲಿ ಕೆಲಸಕ್ಕೆ ಇಟ್ಟಳು. ಒಂದು ಒಳ್ಳೆ ಮಳೆಗಾಲ ಬಂದರೆ ವಾಪಸು ಹೋಗೋಣ ಅನ್ನುತ್ತಿದ್ದ ಅವ್ವ ಎರಡನೇ ವರ್ಷವೇ ತೀರಿಕೊಂಡಳು. ಕೇಶರಬಾಯಿ ಆ ಮನೆಯಲ್ಲಿ ನಲವತ್ತೊಂದು ವರ್ಷ ಉಳಿದಳು.

ಟೀಚರ್ ಮದುವೆಯಾಗಿರಲಿಲ್ಲ. ಬೇಸಿಗೆಯ ಭಾನುವಾರಗಳಲ್ಲಿ ಏಳೆಂಟು ಗೆಳತಿಯರು ಅವರ ವರಾಂಡದಲ್ಲಿ ಸೇರುತ್ತಿದ್ದರು. ಅವರಿಗೆಲ್ಲ ವೈನಿನ ಪಾನಕ ಮಾಡುವುದು ಕೇಶರಬಾಯಿಯ ಕೆಲಸ. ಅದರಲ್ಲಿ ಕಷ್ಟವೇನಿರಲಿಲ್ಲ. ಮೋಸಂಬಿ, ಸೇಬು, ಕರಬೂಜ ಹೆಚ್ಚಿ, ಚೂರು ಸಕ್ಕರೆ ಉದುರಿಸಿ, ಕೆಂಪು ವೈನಿನಲ್ಲಿ ಎರಡು ತಾಸು ನೆನೆಸಿಟ್ಟು, ಕೊಡುವಾಗ ಐಸು ಹಾಕಿ ಸೋಡಾ ಸುರಿದರೆ ಮುಗಿಯಿತು. ಬಿಳಿ ವೈನ್ ಇದ್ದ ದಿನ ಹಣ್ಣಿನ ಬದಲು ಸೌತೆಕಾಯಿ, ಪುದೀನಾ, ನಿಂಬೆಹುಳಿ. ಯಾರಿಗೆ ಸಿಹಿ ಮುಂದಿರಬೇಕು, ಯಾರ ಹಲ್ಲಿಗೆ ಐಸು ಆಗದು ಎಂಬುದೆಲ್ಲ ಅವಳಿಗೆ ಬಾಯಿಪಾಠ. ತಾನು ಮಾತ್ರ ಸಕ್ಕರೆ ನೋಡಲು ಚಮಚದ ತುದಿ ನಾಲಗೆಗೆ ತಾಗಿಸುತ್ತಿದ್ದಳು, ಅಷ್ಟೇ.

ಟೀಚರ್ ತೀರಿಹೋದ ಮೇಲೆ ಅವರ ಸಂಬಂಧಿಕರು ಮನೆ ಮಾರಿದರು. ಕೇಶರಬಾಯಿ ಭಾಲ್ಕಿಗೆ, ತಮ್ಮ ನರಸಿಂಗನ ಮನೆಗೆ ಬಂದಳು. ಅವನು ಗೌರವದಿಂದಲೇ ಇಟ್ಟುಕೊಂಡ. ಆದರೆ ಊಟಕ್ಕೆ ಎದುರುಬದುರು ಕೂತರೆ ಇಬ್ಬರಿಗೂ ಆಡಲು ಮಾತೇ ಸಿಗುತ್ತಿರಲಿಲ್ಲ. ಎರಡು ತಿಂಗಳಾದ ಮೇಲೆ ಅವಳೇ ಬೀದರಿನ ಚಿದ್ರಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಳು.

ಓಣಿಯವರು ಒಳ್ಳೆಯವರೇ. ಎದುರಿಗೆ ಮನೆ ಕಟ್ಟುವ ಗೌಂಡಿ ಕೆಲಸದ ಕಾಶೀರಾಮ, ಅವನ ಹೆಂಡತಿ ಸುಭದ್ರಾಬಾಯಿ. ಪಕ್ಕದಲ್ಲಿ ನಿವೃತ್ತ ಶಿಕ್ಷಕಿ ವಿಮಲಾಬಾಯಿ. ಅದರಾಚೆ ಹೊಲಿಗೆ ಮಾಡುವ ಮಹಮೂದಾ ಬೇಗಂ. ಆದರೆ ಕೇಶರಬಾಯಿಯ ಕನ್ನಡದಲ್ಲಿ ಈಗ ಅರ್ಧ ಮರಾಠಿ, ಅರ್ಧ ಹಿಂದಿ. ಎಲ್ಲರೂ ಅವಳನ್ನು ಬಂಬೈ ಬಾಯಿ ಎಂದೇ ಕರೆದರು. ಬಾಗಿಲಲ್ಲಿ ನಿಂತು ಮಾತಾಡಿ ಹೋಗುತ್ತಿದ್ದರು, ಒಳಗೆ ಬಂದು ಕೂತವರಿಲ್ಲ.

ಎರಡು ಸಾವಿರದ ಹದಿನಾರರ ಬೇಸಿಗೆಯಲ್ಲಿ ಮತ್ತೆ ಬರ. ನಳದ ನೀರು ಬಂದ್ ಆಗಿ ಎಷ್ಟೋ ದಿನವಾಗಿತ್ತು. ಟ್ಯಾಂಕರ್ ವಾರಕ್ಕೊಮ್ಮೆ ಬಂದರೆ ಬಂತು. ನೀರಿಲ್ಲದೆ ಮನೆ ಕಟ್ಟುವವರು ಕೆಲಸ ನಿಲ್ಲಿಸಿದ್ದರು. ಕೂಲಿಯವರು ಒಬ್ಬೊಬ್ಬರೇ ಹೈದರಾಬಾದಿನ ಬಸ್ಸು ಹತ್ತುತ್ತಿದ್ದರು. ಒಂದು ಮಧ್ಯಾಹ್ನ ಕೇಶರಬಾಯಿಗೆ, ಓಣಿ ಪೂರಾ ಖಾಲಿಯಾಗುವ ಮೊದಲು ಒಮ್ಮೆ ನಾಲ್ಕು ಜನರನ್ನು ಕರೆಯಬೇಕು ಅನಿಸಿತು.

ವೈನ್ ಶಾಪಿಗೆ ಅವಳೇ ಹೋದಳು. ಕೌಂಟರಿನ ಗಂಡಸರು ಸರಿದು ದಾರಿ ಬಿಟ್ಟರು.

"ಏನ್ ಬೇಕ್ರಿ ಬಾಯಿ?" ಅಂಗಡಿಯವನು ಕೇಳಿದ.

"ವೈನ್."

"ಯಾವ್ದು? ವಿಸ್ಕಿನೋ, ರಮ್ಮೋ?"

"ವೈನ್ ಅಂದ್ರ ವೈನ್ ರೀ. ದ್ರಾಕ್ಷಿದು. ಕೆಂಪಂದು."

ಅವನು ಮೇಲಿನ ಹಲಗೆಯ ಮೂಲೆಯಿಂದ ಒಂದು ಬಾಟಲಿ ತೆಗೆದು ಧೂಳು ಒರೆಸಿದ. "ಇದನ್ನ ಯಾರೂ ಕೇಳಾಂಗಿಲ್ರಿ," ಎಂದು ಕಾಗದದಲ್ಲಿ ಸುತ್ತಿ ಕೊಟ್ಟ.

ಭಾನುವಾರ ನಾಲ್ಕಕ್ಕೆ ಬರಲು ಮೂವರು ಹೆಂಗಸರಿಗೂ ಹೇಳಿದಳು. ಎರಡು ಜಗ್ಗು ಮಾಡಿದಳು. ಒಂದರಲ್ಲಿ ವೈನು, ಇನ್ನೊಂದರಲ್ಲಿ ಬರೀ ದ್ರಾಕ್ಷಿ ರಸ. ಮಹಮೂದಾ ಬೇಗಂ ಮತ್ತು ವಿಮಲಾಬಾಯಿಗೆ ವೈನು ಆಗದು ಎಂದು ಅವಳಿಗೆ ಗೊತ್ತಿತ್ತು. ಜ್ಯೂಸ್ ಬಂಡಿಯವನಿಂದ ಐಸು ತಂದು ಗೋಣಿತಟ್ಟಿನಲ್ಲಿ ಸುತ್ತಿಟ್ಟಳು. ನೆರೆಮನೆಗಳಿಂದಲೇ ಕುರ್ಚಿ ಕೇಳಿ ತಂದು ನಾಲ್ಕು ಹಾಕಿದಳು.

ವಿಮಲಾಬಾಯಿ, ಮಹಮೂದಾ ಬೇಗಂ ಹೇಳಿದ ಹೊತ್ತಿಗೇ ಬಂದರು. ಕೂತರು. ಕೇಶರಬಾಯಿ ಎರಡೂ ಜಗ್ಗುಗಳಿಗೆ ಐಸು, ಸೋಡಾ ಹಾಕಿ ತೋರಿಸಿ, "ಇದ್ರಾಗ ವೈನ್ ಅದರೀ, ನಿಮ್ಗ ಇದು," ಎಂದು ದ್ರಾಕ್ಷಿ ರಸದ ಜಗ್ಗಿಗೆ ಕೈ ಹಾಕಿದಳು. ವಿಮಲಾಬಾಯಿಯ ಮುಖ ಸ್ವಲ್ಪ ಬಿಗಿಯಾಯಿತು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಓಣಿಯ ತುದಿಯಲ್ಲಿ ಟ್ಯಾಂಕರಿನ ಹಾರ್ನ್ ಕೇಳಿತು. ಒಂಬತ್ತು ದಿನವಾಗಿತ್ತು ಟ್ಯಾಂಕರ್ ಬಂದು.

"ಆಪಾ, ಮಾಫ್ ಮಾಡ್ರಿ, ಈಗ ಬರ್ತೇನಿ," ಎಂದು ಮಹಮೂದಾ ಬೇಗಂ ಎದ್ದೇಬಿಟ್ಟರು. ವಿಮಲಾಬಾಯಿಯೂ ಹಿಂದೆಯೇ ಹೋದರು.

ಕೇಶರಬಾಯಿಗೂ ನೀರು ಬೇಕಿತ್ತು. ಕೊಡಗಳು ಮೂಲೆಯಲ್ಲೇ ಇದ್ದವು. ಆದರೆ ಅವಳು ಹೋಗಲಿಲ್ಲ. ಈಗ ಬರುತ್ತಾರೆ ಎಂದು ಕೂತಳು. ಹೊರಗೆ ಕೂಗಾಟ, ಕೊಡಗಳ ಸದ್ದು. ಐಸು ಕರಗಿತು. ಸೋಡಾದ ಗುಳ್ಳೆಗಳು ಅಡಗಿದವು.

ಆರರ ಹೊತ್ತಿಗೆ ಸುಭದ್ರಾಬಾಯಿ ಬಂದಳು. ಸೀರೆ ಮೊಣಕಾಲವರೆಗೆ ತೊಯ್ದಿತ್ತು, ಸೊಂಟದ ಮೇಲೆ ತುಂಬಿದ ಕೊಡ.

"ನಿಮ್ ಕೊಡ ಪಾಳಿಯಾಗ ಕಾಣ್ಲಿಲ್ಲ ಅಕ್ಕಾ. ಇದು ನಿಮ್ಗ."

ಅವಳು ಕೂತಳು. ವೈನಿನ ಜಗ್ಗಿನಿಂದಲೇ ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಒಗರ ಅದಲ್ಲ! ನೀವು ಹೇಳ್ತಿದ್ರಲ್ಲ, ಆ ಬಂಬೈ ಮಂದಿ ಇದನ್ನ ಖುಷೀಲೆ ಕುಡಿತಿದ್ರೇನು?"

"ಭಾಳ ಖುಷೀಲೆ."

"ನೀವೂ ಕೂಡ ಕುಂತ್ ಕುಡಿತಿದ್ರೇನು?"

"ಇಲ್ಲವಾ. ಕಡೀ ವರ್ಷ ಟೀಚರ್ ಗೆಳತ್ಯಾರು ಯಾರೂ ಉಳಿದಿದ್ದಿಲ್ಲ. ಆದ್ರೂ ಜಗ್ಗು ಮಾಡಂದ್ರು. ಮಾಡ್ದೆ. ಕುರ್ಚಿ ತೋರ್ಸಿ, ಕೂಡು ಕೇಶರ್, ಒಬ್ಳೇ ಹ್ಯಾಂಗ ಕುಡೀಲಿ ಅಂದ್ರು. ನಾ ಕೂಡ್ಲಿಲ್ಲ. ಒಳಗ ಕೆಲಸ ಅದರೀ ಅಂದೆ. ಒಳಗ ಏನೂ ಕೆಲಸ ಇದ್ದಿಲ್ಲ ಸುಭದ್ರಾ. ಅಡಗಿ ಮನ್ಯಾಗ ಸುಮ್ನ ನಿಂತಿದ್ದೆ."

"ಯಾಕ?"

"ಗೊತ್ತಿಲ್ಲ. ರೂಢಿ ಇದ್ದಿಲ್ಲ. ಅವ್ರು ಜುಲೈದಾಗ ಹೋದ್ರು."

ಸುಭದ್ರಾಬಾಯಿ ಎದ್ದು ಒಂದು ಲೋಟ ತುಂಬಿ ಅವಳ ಕೈಗೆ ಕೊಟ್ಟಳು. ಕೇಶರಬಾಯಿ ಬಿಸಿಯಾಗಿಹೋಗಿದ್ದ ಆ ಪಾನಕವನ್ನು ನಿಧಾನವಾಗಿ, ಹಣ್ಣಿನ ಚೂರುಗಳ ಸಮೇತ ಪೂರ್ತಿ ಕುಡಿದಳು. ಸಕ್ಕರೆ ಇನ್ನೊಂದು ಚಮಚ ಬೇಕಿತ್ತು ಅಂದಳು. ಆಮೇಲೆ ಇಬ್ಬರೂ ನಕ್ಕರು.

ಹೋಗುವಾಗ ಬಾಗಿಲಲ್ಲಿ ನಿಂತು ಸುಭದ್ರಾಬಾಯಿ, "ಗುರುವಾರ ನಾವೂ ಹೈದರಾಬಾದಿಗೆ ಹೊಂಟೇವಿ ಅಕ್ಕಾ," ಅಂದಳು. "ಅಲ್ಲಿ ದೊಡ್ಡ ಬಿಲ್ಡಿಂಗ್ ಕೆಲಸ ಅದ ಅಂತ." ಯಾವಾಗ ಬರುತ್ತೀರಿ ಎಂದು ಕೇಶರಬಾಯಿ ಕೇಳಲಿಲ್ಲ.

ಗುರುವಾರ ಎದುರು ಮನೆಗೆ ಬೀಗ ಬಿತ್ತು. ಮಳೆಗಾಲ ಬಂತು, ಚೆನ್ನಾಗಿಯೇ ಸುರಿಯಿತು. ಅವರು ಬರಲಿಲ್ಲ. ಮನೆಗೆ ಬೇರೆ ಬಾಡಿಗೆಯವರು ಬಂದರು. ವಿಮಲಾಬಾಯಿ ಆಮೇಲೆ ದೂರದಿಂದಲೇ ನಗುತ್ತಿದ್ದರು. ಮಹಮೂದಾ ಬೇಗಂ ಒಂದು ದಿನ ತಾವಾಗಿ ಬಂದು, "ನಿಮ್ಮ ಕಣ್ಣು ಇನ್ನೂ ಚೊಲೋ ಅವ ಏನ್ರಿ ಆಪಾ? ಬ್ಲೌಜಿಗೆ ಹುಕ್ ಹಚ್ಚೋರು ಬೇಕಾಗ್ಯಾರ," ಅಂದರು.

ಈಗ ಮಧ್ಯಾಹ್ನಗಳಲ್ಲಿ ಕೇಶರಬಾಯಿ ಅವರ ಮನೆಯಲ್ಲಿ ಕೂತು ಹುಕ್ಕು ಹಚ್ಚುತ್ತಾಳೆ. ಇಬ್ಬರೂ ಹೆಚ್ಚು ಮಾತಾಡುವುದಿಲ್ಲ. ಮಷಿನ್ನು ಓಡುತ್ತಿರುತ್ತದೆ. ಅದು ನಿಂತಾಗ ಮಹಮೂದಾ ಬೇಗಂ ದಾರ ಕತ್ತರಿಸಿ ಇನ್ನೊಂದು ಬ್ಲೌಜನ್ನು ಅವಳತ್ತ ಸರಿಸುತ್ತಾರೆ.