ಗಂಗಕ್ಕನ ದಮ್ಮು

ಮಾತಿನ ನಡುವೆ ಉಸಿರು ಸಾಲದೆ ಹೋದಾಗ ಗಂಗಕ್ಕ ಅಂಗೈ ಎತ್ತಿ ಹಿಡಿಯುತ್ತಿದ್ದಳು, ಪೊಲೀಸಿನವನು ಬಸ್ಸು ನಿಲ್ಲಿಸುವ ಹಾಗೆ. ಆ ಕೈ ಇಳಿಯುವವರೆಗೆ ಯಾರೂ ನಡುವೆ ಬಾಯಿ ಹಾಕುವಂತಿರಲಿಲ್ಲ. ಒಮ್ಮೆ ಹಾಲಿನವನು ಕನಿಕರಪಟ್ಟು ಅವಳ ಮಾತನ್ನು ತಾನೇ ಪೂರ್ತಿ ಮಾಡಲು ಹೋದ. ಗಂಗಕ್ಕ ಕೆಮ್ಮಿ, ಸುಧಾರಿಸಿಕೊಂಡು, "ಲೇ, ಉಸಿರು ತಡವಾಗಿ ಬತ್ತದೆ ಅಷ್ಟೇಯ. ಮಾತು ನಂದೇ ಕಣ್ಲಾ. ನಾನೇ ಮುಗುಸ್ತೀನಿ, ನಿಂತ್ಕೋ" ಅಂದಳು. ಅವನು ಕ್ಯಾನು ಹಿಡಿದುಕೊಂಡು ನಿಂತೇ ಇದ್ದ.

ಮಧುಗಿರಿಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಹೆಸರು ಸಿದ್ದಗಂಗಮ್ಮ, ಊರಿಗೆಲ್ಲ ಪುರಿ ಗಂಗಕ್ಕ. ಗಂಡ ರಂಗಣ್ಣನ ಜೊತೆ ಪುರಿ ಭಟ್ಟಿಯಲ್ಲಿ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು ಸಂಸಾರ ಸಾಕಿದವಳು. ಒಲೆಗೆ ಹೊಟ್ಟು, ಹಳೇ ಟೈರು, ಸಿಕ್ಕಿದ್ದೆಲ್ಲ. ಬೀಡಿ ಮುಟ್ಟದ ಹೆಂಗಸಿನ ಶ್ವಾಸಕೋಶ ಆ ಹೊಗೆಗೇ ಹಾಳಾಯಿತು. ಡಾಕ್ಟರು ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರು ಹೇಳಿ, ಪೂರ್ತಿ ವಾಸಿಯಾಗುವುದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಅಂದರು. ನಮ್ಮ ಕಡೆ ಅದಕ್ಕೆ ಒಂದೇ ಹೆಸರು, ದಮ್ಮು.

ಆದರೆ ಅವಳನ್ನು ಮುರಿದದ್ದು ದಮ್ಮಲ್ಲ, ಒಂದು ಫೋನು. ಪಾವಗಡದಲ್ಲಿರುವ ತಂಗಿ ಭಾಗ್ಯ, ಮಗಳ ಮದುವೆ ಗೊತ್ತಾಯಿತು ಎಂದು ಹೇಳಿ ಕೊನೆಗೆ ಮೆಲ್ಲಗೆ, "ಅಕ್ಕಾ, ನೀನು ಬರ್ದಿದ್ರೂ ನಡೀತದೆ. ಬೀಗರು ಆಂಧ್ರದ ಕಡೆಯೋರು. ನಿನ್ನ ಕೆಮ್ಮು ಕೇಳಿ ಟೀಬಿ ಅಂದ್ಕೊಂಡ್ರೆ ಕಷ್ಟ" ಅಂದಳಂತೆ. ಭಾಗ್ಯಳ ಬಾಣಂತನ ಮಾಡಿ, ಆ ಹುಡುಗಿಯನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ-ನೀರು ಹಾಕಿದವಳೇ ಗಂಗಕ್ಕ.

ಅವತ್ತಿನಿಂದ ಅವಳು ಒಳಕೋಣೆ ಸೇರಿದಳು. ಊಟ ಬೇಡ, ಟೀವಿ ಬೇಡ. ದಮ್ಮಿಗೆಂದು ಬಾಯಿಗೆ ಹೊಡೆದುಕೊಳ್ಳುವ ಔಷಧಿಯ ಪಂಪನ್ನೂ ಮೂಲೆಗೆ ಎಸೆದಳು. ಉಸಿರು ಇನ್ನೇನು ನಿಂತೇಹೋಯಿತು ಅನ್ನಿಸಿ ಕಿಟಕಿ ಸರಳು ಹಿಡಿದು ನಡುಗುತ್ತ ಕೂರುವಳು. "ನಾನು ಇದ್ರೆಷ್ಟು, ಇಲ್ದಿದ್ರೆಷ್ಟು ಕಣಮ್ಮ" ಎಂದು ಒಂದು ದಿನ ಅಂದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಡಾಕ್ಟರಿಗೆ ಇದನ್ನೆಲ್ಲ ನಾನೇ ಹೋಗಿ ಹೇಳಿದೆ. ಮನಸ್ಸಿನ ಡಾಕ್ಟರನ್ನೂ ಕಾಣಿ ಎಂದು ಅವರು ತುಮಕೂರಿಗೆ ಬರೆದುಕೊಟ್ಟರು. ರಂಗಣ್ಣನ ಮುಖ ಕಪ್ಪಿಟ್ಟಿತು. "ದಮ್ಮಿನ ಜೊತೆಗೆ ಹುಚ್ಚಿ ಅನ್ನೋ ಹೆಸ್ರೂ ಬೇಕಾ? ಜನ ಏನಂತಾರೆ?" ಆ ಮಾತೇ ಗಂಗಕ್ಕನನ್ನು ಎಬ್ಬಿಸಿತು ಎಂದು ನನ್ನ ನಂಬಿಕೆ. ಒಳ್ಳೆ ಸೀರೆ ಉಟ್ಟುಕೊಂಡು ಬಂದು, "ನಡೀಯೇ" ಅಂದಳು. ಬಸ್ಸಿನಲ್ಲಿ ಗುರುತಿನವಳೊಬ್ಬಳು ಎಲ್ಲಿಗೆ ಅಂತ ಕೇಳಿದ್ದೇ ತಡ, ಎಲ್ಲರಿಗೂ ಕೇಳುವಂತೆ, "ಹುಚ್ಚಿನ ಡಾಕ್ಟ್ರತಾವ ಕಣಮ್ಮ. ಸೀಟು ಐತೆ, ನೀನೂ ಬಾ" ಅಂದಳು. ಕಂಡಕ್ಟರು ಕಿಸಕ್ಕನೆ ನಕ್ಕ. ನಾನು ನಾಚಿಕೊಂಡು ಕಿಟಕಿಯ ಕಡೆ ತಿರುಗಿದೆ. ಅವಳು ತಿರುಗಲಿಲ್ಲ.

ಆ ಡಾಕ್ಟರಮ್ಮ ಅವಸರ ಮಾಡದೆ ಎಲ್ಲ ಕೇಳಿಸಿಕೊಂಡರು. ಉಸಿರು ಕಟ್ಟಿದರೆ ಭಯ, ಭಯಕ್ಕೆ ಉಸಿರು ಇನ್ನಷ್ಟು ಕಟ್ಟುತ್ತದೆ, ಇದು ಹುಚ್ಚಲ್ಲ, ಈ ಕಾಯಿಲೆಯವರಲ್ಲಿ ತುಂಬ ಜನರಿಗೆ ಹೀಗಾಗುತ್ತದೆ ಎಂದರು. ಮಾತ್ರೆ ಕೊಟ್ಟರು. ತುಟಿ ಸಣ್ಣಗೆ ಮಾಡಿ ನಿಧಾನವಾಗಿ ಉಸಿರು ಬಿಡುವುದನ್ನು ಹೇಳಿಕೊಟ್ಟರು, ದಿನಾ ಹೊಸಿಲು ದಾಟಲೇಬೇಕು ಎಂದು ತಾಕೀತು ಮಾಡಿದರು. ಗಂಗಕ್ಕ ಮೊದಲು ಜಗಲಿಗೆ ಬಂದಳು, ಆಮೇಲೆ ಬೀದಿಯ ತುದಿಗೆ. ಮತ್ತೆ ಕೋಣೆಯಲ್ಲೇ ಉಳಿದ ದಿನಗಳೂ ಇದ್ದವು. ಮದುವೆ ಹತ್ತಿರ ಬಂದಾಗ ಮಾತ್ರ, "ಕರೀಲಿ ಬುಡ್ಲಿ, ನಾನು ಓಯ್ತೀನಿ. ನಾನು ನೀರು ಹಾಕಿದ ಕೂಸು ಅದು" ಅಂದಳು. ನಾನೂ ಜೊತೆಗೆ ಹೊರಟೆ.

ಪಾವಗಡದ ಛತ್ರದಲ್ಲಿ ಹೋಗಿ ಮುಂದಿನ ಸಾಲಿನಲ್ಲೇ ಕೂತಳು. ಓಲಗ ನಿಂತ ಗಳಿಗೆ ನೋಡಿಕೊಂಡೇ ಕೆಮ್ಮು ಬಂತು. ಗಂಡಿನ ಅಜ್ಜಿ ತಿರುಗಿ ನೋಡಿದರು. ಭಾಗ್ಯ ಬೆವೆತುಹೋಗಿ, ತನಗೆ ಬರುವ ತೆಲುಗಿನಲ್ಲಿ, "ಮಾ ಅಕ್ಕಕಿ ದಮ್ಮು ಉಂದಂಡಿ" ಅಂದಳು. ನಮ್ಮಕ್ಕನಿಗೆ ಉಬ್ಬಸ ಇದೆ ಎಂದು ಅವಳ ಅರ್ಥ. ಆದರೆ ಆ ಅಜ್ಜಿಯ ತೆಲುಗಿನಲ್ಲಿ ದಮ್ಮು ಅಂದರೆ ಎದೆಗಾರಿಕೆ. ಪಂಪು ಹೊಡೆದುಕೊಂಡು ಮತ್ತೆ ನೆಟ್ಟಗೆ ಕೂತ ಗಂಗಕ್ಕನನ್ನು ಮೇಲಿಂದ ಕೆಳಗೆ ನೋಡಿ ಅಜ್ಜಿ, "ಅವುನಮ್ಮಾ, ಚೂಸ್ತೇನೇ ತೆಲುಸ್ತುಂದಿ" ಅಂದರು. ಹೌದಮ್ಮ, ನೋಡಿದರೇ ಗೊತ್ತಾಗುತ್ತೆ ಅಂತ. ಭಾಗ್ಯ ಕಕ್ಕಾಬಿಕ್ಕಿಯಾದಳು. ಗಂಗಕ್ಕ ನಕ್ಕು ನಕ್ಕು ಇನ್ನೊಂದು ಸಲ ಪಂಪು ಹೊಡೆದುಕೊಳ್ಳಬೇಕಾಯಿತು. "ಗೊತ್ತಿಲ್ದೆ ಆದ್ರೂ ನಿನ್ನ ಬಾಯಲ್ಲಿ ನಿಜ ಬಂತು ಕಣೇ" ಅಂದಳು. ಮದುಮಗಳು ದೊಡ್ಡಮ್ಮನ ಕಾಲಿಗೆ ಬಿದ್ದಾಗ ಹರಸಲು ಗಂಗಕ್ಕನ ಕೈಗೆ ಅಕ್ಷತೆ ಕೊಟ್ಟವಳು ಭಾಗ್ಯಳೇ.

ಕಾಯಿಲೆ ತನ್ನ ದಾರಿ ಬಿಡಲಿಲ್ಲ. ಮನೆಗೆ ಆಕ್ಸಿಜನ್ ಯಂತ್ರ ಬಂತು. ಅದನ್ನು ಹಜಾರದಲ್ಲೇ ಇಡಿಸಿಕೊಂಡು, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡೇ ಸೊಪ್ಪಿನವಳ ಜೊತೆ ಚೌಕಾಸಿ ನಡೆಸುತ್ತಿದ್ದಳು. ನಾನು ಕೊನೆಯ ಸಲ ಕಂಡಾಗ, ಬರುವ ಯುಗಾದಿಗೆ ಎಂಥ ಸೀರೆ ತರಬೇಕೆಂದು ನನ್ನ ಜೊತೆ ವಾದಕ್ಕೆ ಬಿದ್ದಿದ್ದಳು. ಯುಗಾದಿಗೆ ಮೊದಲೇ ಹೋಗಿಬಿಟ್ಟಳು.

ಮಣ್ಣಿಗೆ ಬಂದವರೆಲ್ಲ, "ನರಳಿದ್ದು ಸಾಕು, ಬಿಡುಗಡೆ ಆಯ್ತು ಬುಡಿ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಬಿಡುಗಡೆ ಕೊಡಿ ಎಂದು ಅವಳು ಯಾರನ್ನು ಕೇಳಿದ್ದಳು? ಗಂಗಕ್ಕನಿಗೆ ಸಾಕಾಗಿರಲಿಲ್ಲ, ಅವಳು ಇನ್ನೂ ಬದುಕಬೇಕು ಅಂತಿದ್ದಳು ಎಂದು ಅಲ್ಲೇ, ಅಷ್ಟು ಜನರ ಮುಂದೆ, ಗಟ್ಟಿಯಾಗಿ ಹೇಳಿದೆ.